ತಕ್ಕಡಿ ಹೇಳದ ಮಾತು

ಕೂಸು ಹುಟ್ಟಿದ ಸುದ್ದಿ ಬಂದರೆ, ಗಂಡೋ ಹೆಣ್ಣೋ ಎಂದು ಕೇಳಿದ ಬಾಯಲ್ಲೇ ನೀವು ಕೇಳುವ ಎರಡನೆಯ ಮಾತು ‘ತೂಕವೆಷ್ಟು?’ ಎಂಬುದಲ್ಲವೆ? ನಮ್ಮ ಅಜ್ಜಿಯರು ಹೀಗೆ ಕೇಳುತ್ತಿರಲಿಲ್ಲ. ‘ತೂಗು’ ಎಂಬ ಧಾತುವಿಗೆ ಕನ್ನಡದಲ್ಲಿ ಎರಡರ್ಥ. ಅವರು ಬಲ್ಲದ್ದು ತೊಟ್ಟಿಲು ತೂಗುವುದನ್ನು.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಪ್ರಾರಂಭವಾದದ್ದು 1906ರಲ್ಲಿ. ಊರವರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. 1934ರಿಂದೀಚೆಗೆ ಅಲ್ಲಿ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟರು. ಬರೆದವರಿಗೆ ಅದರ ಬೆಲೆ ತಿಳಿದಿತ್ತೋ ಇಲ್ಲವೋ! ಎಷ್ಟೋ ವರ್ಷಗಳ ಮೇಲೆ ಸಂಶೋಧಕರು ಆ ದಾಖಲೆಗಳನ್ನು ಹಿಡಿದು ಮನೆಮನೆ ಹುಡುಕಿ, 1934ರಿಂದ 1954ರೊಳಗೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಪರೀಕ್ಷಿಸಿದರು. 1996ರಲ್ಲಿ ಫಲಿತಾಂಶ ಹೊರಬಂದಿತು. ನಲವತ್ತೈದು ದಾಟಿದವರಲ್ಲಿ, ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಗಿ ಹುಟ್ಟಿದವರ ಪೈಕಿ ನೂರಕ್ಕೆ 11 ಮಂದಿಗೆ ಹೃದ್ರೋಗ, 3.1 ಕಿಲೋ ಮೀರಿದವರಲ್ಲಿ ನೂರಕ್ಕೆ 3. ಸಕ್ಕರೆ ಕಾಯಿಲೆಯ ಲೆಕ್ಕವಾದರೋ ಬೇರೆ. ಉದ್ದ ಕಡಿಮೆಯಿದ್ದು ಗುಂಡಗೆ ಹುಟ್ಟಿದವರಲ್ಲೇ ಅದು ಹೆಚ್ಚು. ತೂಕದೊಳಗೆ ಏನಿದೆಯೆಂದು ನೋಡಬೇಕಾಯಿತು.

ನೋಡಿದವರು ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಮತ್ತು ಅವರ ಸಂಗಡಿಗರು. ಪುಣೆಯ ಬಳಿಯ ಹಳ್ಳಿಗಳ ಶಿಶುಗಳು ಸರಾಸರಿ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ ಶಿಶುಗಳು 3.5 ಕಿಲೋ. ನಮ್ಮ ಕೂಸಿನ ಹೊಟ್ಟೆ ಸಣ್ಣದು, ಮಾಂಸಖಂಡ ಕಡಿಮೆ. ಆದರೆ ಹೆಗಲ ಮೂಳೆಯ ಕೆಳಗಿನ ಚರ್ಮದ ಮಡಿಕೆಯನ್ನು ಚಿಮಟದಂಥ ಸಾಧನದಿಂದ ಹಿಡಿದು ಅಳೆದರೆ, ಅಲ್ಲಿಯ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿಲ್ಲ! 2003ರಲ್ಲಿ ಅವರು ಈ ಶಿಶುವನ್ನು ‘ತೆಳ್ಳಗಿದ್ದೂ ಕೊಬ್ಬಿದ ಕೂಸು’ ಎಂಬರ್ಥದ ಹೆಸರಿನಿಂದ ಕರೆದರು. ಅಲಂಕಾರಶಾಸ್ತ್ರದಲ್ಲಾದರೆ ಇದನ್ನು ವಿರೋಧಾಭಾಸವೆನ್ನುತ್ತೇವೆ.

ನಮ್ಮ ಶಾಲೆಯಲ್ಲೂ ವರ್ಷಕ್ಕೊಮ್ಮೆ ಹುಡುಗರನ್ನು ತೂಗುವುದುಂಟು. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ಒಂದು ಅಂಕಿ ಬರೆಯುತ್ತಾರೆ. ಈ ಸೂತ್ರದ ಮೂಲಪುರುಷ ವೈದ್ಯನಲ್ಲ, ಬೆಲ್ಜಿಯಂ ದೇಶದ ಖಗೋಳಜ್ಞ ಕೆಟಲೆ. ಕಾಲ 1830ರ ದಶಕ. ಇಂದಿನ ಹೆಸರು ಕೊಟ್ಟವರು ಅಮೆರಿಕದ ಆನ್ಸೆಲ್ ಕೀಸ್, 1972ರಲ್ಲಿ; ಅವರು ಲೆಕ್ಕ ಹಾಕಿದ್ದು ವಯಸ್ಕ ಗಂಡಸರ ಮೇಲೆ. ಕಡ್ಡಿಯಂಥ ಹುಡುಗನ ಮೈಯೊಳಗಿನ ಕೊಬ್ಬನ್ನು ಆ ಅಂಕಿ ಹೇಗೆ ತಿಳಿಸೀತು? ಬ್ರಿಟನ್ನಿನಲ್ಲಿ ಮಕ್ಕಳಿಗೆ ತುಸು ಭಾರಜಲ ಕುಡಿಸಿ, ಮೈಯ ನೀರಿನಂಶದಿಂದ ಕೊಬ್ಬನ್ನು ಲೆಕ್ಕಹಾಕಿದ್ದಾರೆ. ದಕ್ಷಿಣ ಏಷ್ಯಾ ಮೂಲದ ಮಕ್ಕಳ ಕೊಬ್ಬನ್ನು ಈ ಅಂಕಿ ಕಡಿಮೆಯೆಂದು ತೋರಿಸಿತು, ಆಫ್ರಿಕ ಮೂಲದವರದನ್ನು ಹೆಚ್ಚೆಂದು.

ಹಾಗಾದರೆ ಎಲ್ಲವೂ ಕುಲದಿಂದ ಬಂದದ್ದೇ? ಅಷ್ಟು ಸುಲಭವಾಗಿ ಒಪ್ಪಬೇಡಿ. ವಿಶ್ವ ಆರೋಗ್ಯ ಸಂಸ್ಥೆಯು ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಓಮನ್, ಅಮೆರಿಕಗಳಲ್ಲಿ ಮಕ್ಕಳನ್ನು ಅಳೆದು 2006ರಲ್ಲಿ ಮಾನದಂಡ ಪ್ರಕಟಿಸಿತು. ಎದೆಹಾಲೂ ಆರೈಕೆಯೂ ಚೆನ್ನಾಗಿ ದೊರೆತ ಮಕ್ಕಳು ಐದು ವರ್ಷದವರೆಗೆ ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಎತ್ತರ ಬೆಳೆದಿದ್ದರು. ನಮ್ಮ ದೆಹಲಿಯ ಮಕ್ಕಳೂ ಅದರಲ್ಲಿದ್ದರು.

ಅದೇ ಮೈಸೂರಿನ ಆಸ್ಪತ್ರೆಯಲ್ಲಿ 1997–98ರಲ್ಲಿ ಬಸುರಿಯರನ್ನೇ ಮೊದಲು ಪರೀಕ್ಷಿಸಿ, ಅವರ ಮಕ್ಕಳನ್ನು ಬೆನ್ನಟ್ಟಿ ಅಳೆಯತೊಡಗಿದರು. ನಾಲ್ಕು ವರ್ಷ ತುಂಬಿದಾಗ ಯೂರೋಪಿನ ಅಳತೆಗಿಂತ ಗಿಡ್ಡ, ಹಗುರ. ಬೆನ್ನ ಮೇಲಿನ ಮಡಿಕೆ ಮಾತ್ರ ದಪ್ಪ. ಆ ಮಕ್ಕಳು ಈಗ ತಾವೇ ತಾಯ್ತಂದೆಯರಾಗುವ ವಯಸ್ಸಿನವರು.