‘ಚೆಮ್ಮೀನ್’: ಪರೀಕುಟ್ಟಿಯ ಲೆಕ್ಕ

ಮಲಯಾಳಂ ಸಿನೆಮಾ ‘ಚೆಮ್ಮೀನ್’ ಎಂದ ಕೂಡಲೇ ಜನ ಹೇಳುವುದು ಮುಸ್ಲಿಂ ಹುಡುಗನೂ ಮೀನುಗಾರರ ಹುಡುಗಿಯೂ ಪ್ರೀತಿಸಿದ ಕಥೆ ಎಂದು. ಉಪ್ಪನ ಅಂಗಡಿಯ ಸಾಲದ ಪುಸ್ತಕ ನೋಡುತ್ತ ಬೆಳೆದ ನನಗೆ ಅದರಲ್ಲಿ ಇನ್ನೊಂದು ಕಥೆಯೂ ಕಾಣುತ್ತದೆ.

ತಗಳಿ ಶಿವಶಂಕರ ಪಿಳ್ಳೆಯವರ 1956ರ ಕಾದಂಬರಿಯನ್ನು ರಾಮು ಕಾರಿಯಾಟ್ 1965ರಲ್ಲಿ ತೆರೆಗೆ ತಂದರು. ಕರುತ್ತಮ್ಮನಾಗಿ ಶೀಲಾ, ಪರೀಕುಟ್ಟಿಯಾಗಿ ಮಧು, ಗಂಡ ಪಳನಿಯಾಗಿ ಸತ್ಯನ್ ನಟಿಸಿದರು. ದಕ್ಷಿಣ ಭಾರತದ ಚಿತ್ರವೊಂದಕ್ಕೆ ರಾಷ್ಟ್ರಪತಿಗಳ ಚಿನ್ನದ ಪದಕ ಬಂದದ್ದು ಅದೇ ಮೊದಲು.

ಪರೀಕುಟ್ಟಿ ಕಡಲ ದಡದಲ್ಲಿ ಮೀನು ಕೊಂಡು ಮಾರುವ ಸಣ್ಣ ವ್ಯಾಪಾರಿ. ಕರುತ್ತಮ್ಮನ ಅಪ್ಪ ಚೆಂಬನ್‌ಕುಂಞಿಗೆ ಸ್ವಂತ ದೋಣಿ, ಬಲೆ ಮಾಡುವ ಆಸೆ. ಪರೀಕುಟ್ಟಿ ನೆರವು ಕೊಡುತ್ತಾನೆ. ಹಿಡಿದ ಮೀನನ್ನು ಅವನಿಗೇ ಮಾರಬೇಕು ಎಂಬುದು ಮಾತು. ದೋಣಿ ನೀರಿಗಿಳಿದ ಮೇಲೆ ಚೆಂಬನ್‌ಕುಂಞಿ ಮಾತು ತಪ್ಪುತ್ತಾನೆ. ಕಾಗದಪತ್ರವಿಲ್ಲದ ಇಂಥ ವ್ಯವಹಾರ ನಿಂತಿರುವುದು ನಂಬಿಕೆಯ ಮೇಲೆ. ಸಣ್ಣ ವ್ಯಾಪಾರಿಯ ಬಂಡವಾಳ ಒಂದು ಕಡೆ ಸಿಕ್ಕಿಹಾಕಿಕೊಂಡರೆ ಮರುದಿನದ ಮೀನಿಗೆ ಕೈಯಲ್ಲಿ ಕಾಸಿರುವುದಿಲ್ಲ. ಪರೀಕುಟ್ಟಿ ಮುಳುಗಿದ್ದು ಹೀಗೆ.

ಇಷ್ಟಾದರೂ ಊರಿನ ಬಾಯಿಗೆ ಬಿದ್ದವಳು ಕರುತ್ತಮ್ಮ. ಗಂಡ ಕಡಲಿಗೆ ಹೋದಾಗ ದಡದಲ್ಲಿರುವ ಹೆಂಡತಿ ಶುದ್ಧವಾಗಿದ್ದರೆ ಮಾತ್ರ ಕಡಲಮ್ಮ ಅವನನ್ನು ಕಾಯುತ್ತಾಳೆ ಎಂಬ ನಂಬಿಕೆ ಕಥೆಯ ಉದ್ದಕ್ಕೂ ಇದೆ. ಮದುವೆಯಾಗಿ ಬೇರೆ ಊರಿಗೆ ಹೋದರೂ ಸುದ್ದಿ ಬೆನ್ನು ಬಿಡುವುದಿಲ್ಲ. ಪಳನಿಯನ್ನು ಜೊತೆಗಾರರೇ ದೋಣಿಗೆ ಸೇರಿಸುವುದಿಲ್ಲ. ಕೊನೆಗೆ ಅವನು ಸುಳಿಗೆ ಸಿಕ್ಕಿ ಸಾಯುತ್ತಾನೆ, ಪ್ರೇಮಿಗಳ ಹೆಣ ದಡದಲ್ಲಿ ಸಿಗುತ್ತದೆ. ನೋಡಿದವನಿಗೆ ಆ ನಂಬಿಕೆ ನಿಜವಾಯಿತು ಎನ್ನಿಸುವಂತೆ ಸಿನೆಮಾ ಮುಗಿಯುತ್ತದೆ. ನನಗೆ ಒಪ್ಪಿಗೆಯಾಗದ್ದು ಅದೇ.

ಸಲೀಲ್ ಚೌಧರಿಯವರ ಸಂಗೀತ, ಮನ್ನಾಡೇ ಅವರ ದನಿ ಪರೀಕುಟ್ಟಿಯನ್ನು ವಿರಹಿಯಾಗಿ ಉಳಿಸಿತು. ಅವನೊಳಗಿನ ವ್ಯಾಪಾರಿಯನ್ನು ಜನ ಮರೆತರು. ಆದರೆ ಸಿನೆಮಾ ಅವನನ್ನು ಬಡ್ಡಿ ಹಿಂಡುವವನಾಗಿಯೋ ಹುಡುಗಿಯನ್ನು ಬಲೆಗೆ ಹಾಕಿದವನಾಗಿಯೋ ತೋರಿಸಲಿಲ್ಲ. ಕೊಟ್ಟ ಮಾತಿಗೆ ನಿಂತವನಾಗಿ ತೋರಿಸಿತು. ಆ ಮರ್ಯಾದೆ ಸಣ್ಣದಲ್ಲ.

‘ಬ್ಯಾರಿ’ ಎಂಬ ಹೆಸರೇ ‘ಬ್ಯಾರ’, ಅಂದರೆ ವ್ಯಾಪಾರದಿಂದ ಬಂತು ಎಂದು ನಮ್ಮಲ್ಲಿ ಹಲವರು ಹೇಳುತ್ತಾರೆ. ಮಂಜೇಶ್ವರ, ಕಾಸರಗೋಡಿನ ಕಡಲ ದಡದಲ್ಲಿ ನಮ್ಮವರ ಬದುಕೂ ಕಡ ಕೊಟ್ಟು, ಕಡ ತಂದು ನಡೆದದ್ದು. ಮನೆಯ ಮಕ್ಕಳು ಈ ಸಿನೆಮಾ ನೋಡುವಾಗ ಪಕ್ಕದಲ್ಲಿ ಕುಳಿತು ಇದೊಂದನ್ನು ಕೇಳಿ: ಮಗಳ ನಡತೆಯ ಮೇಲೆ ಕಣ್ಣಿಟ್ಟ ಆ ದಡದ ಜನ, ಅಪ್ಪ ಮಾತು ತಪ್ಪಿದಾಗ ಯಾಕೆ ಸುಮ್ಮನಿದ್ದರು?