ಬೆಳೆದವರ ಕೈಗೆ ಬಂದ ಪಿಟೀಲು

ನಲವತ್ತು ದಾಟಿದ ಮೇಲೆ ಪಿಟೀಲು ಕಲಿಯಲು ಹೊರಟವರಿಗೆ ಮನೆಯಲ್ಲಿ ಮೊದಲು ಸಿಗುವುದು ನಗು, ಆಮೇಲೆ ಬುದ್ಧಿವಾದ. ಹಾರ್ಮೋನಿಯಂ ಆದರೆ ಮನೆ ಒತ್ತಿದ ಕೂಡಲೇ ಸ್ವರ ಬರುತ್ತದೆ, ತಬಲ ಆದರೆ ತಟ್ಟಿದಷ್ಟು ತಟ್ಟಬಹುದು, ಪಿಟೀಲನ್ನು ಮಾತ್ರ ಐದು ವರ್ಷದ ಮಗುವಾಗಿದ್ದಾಗಲೇ ಹಿಡಿಯಬೇಕು ಎಂಬುದು ಎಲ್ಲರೂ ಒಪ್ಪಿಕೊಂಡಂತಿರುವ ಮಾತು. ಒಂದೇ ವಿಷಯವನ್ನು ಎಳೆದೆಳೆದು ಹೇಳುವವನನ್ನು ‘ಪಿಟೀಲು ಕುಯ್ಯುತ್ತಾನೆ’ ಎಂದು ನಮ್ಮ ಜನ ಹಾಸ್ಯ ಮಾಡುವುದುಂಟು. ಹೊಸಬನ ಕಮಾನಿನಿಂದ ಹೊರಡುವ ಸದ್ದನ್ನು ಕೇಳಿದ ನೆರೆಮನೆಯವರೇ ಈ ಮಾತನ್ನು ಹುಟ್ಟುಹಾಕಿರಬೇಕು.

ಆದರೆ ಈ ವಾದ್ಯ ನಮ್ಮಲ್ಲಿಗೆ ಬಂದು ನೆಲೆಸಿದ ಬಗೆಯನ್ನು ನೋಡಿದರೆ ಆ ಮಾತು ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ಕರ್ನಾಟಕ ಸಂಗೀತದಲ್ಲಿ ಪಿಟೀಲನ್ನು ಮೊದಲು ಕೈಗೆತ್ತಿಕೊಂಡವರಿಗೆ ಅದನ್ನು ನುಡಿಸುತ್ತಿದ್ದ ತಂದೆ ತಾತಂದಿರು ಇರಲಿಲ್ಲ, ಅನುಸರಿಸಲು ಒಂದು ಪಾಠಕ್ರಮವೂ ಇರಲಿಲ್ಲ. ಹಾಡುಗಾರಿಕೆಯನ್ನೋ ವೀಣೆಯನ್ನೋ ಕಲಿತು ಕಿವಿ ಬಲಿತ ಮೇಲೆ ಪರದೇಶದ ಈ ಪೆಟ್ಟಿಗೆಯನ್ನು ಹಿಡಿದವರು ಅವರು.

ಬೆಂಗಳೂರಿನಿಂದ ಮೈಸೂರಿನ ಕಡೆಗೆ ಹೊರಟವರಿಗೆ ನಿಡಘಟ್ಟದ ಬಳಿ ಮಂಡ್ಯ ಜಿಲ್ಲೆ ಶುರುವಾಗುತ್ತದೆ. ಮದ್ದೂರು, ಮಂಡ್ಯಗಳನ್ನು ಹಾದು ಅದೇ ದಾರಿಯಲ್ಲಿ ಮುಂದುವರಿದರೆ ಶ್ರೀರಂಗಪಟ್ಟಣ. ಅಲ್ಲಿ 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ದರಿಯಾ ದೌಲತ್ ಅರಮನೆಯ ಗೋಡೆಚಿತ್ರಗಳಲ್ಲಿ ಪಿಟೀಲು ಹಿಡಿದ ಹೆಣ್ಣೊಬ್ಬಳಿದ್ದಾಳೆ ಎಂದು ಸಂಗೀತದ ಇತಿಹಾಸ ಬರೆದವರು ಹೇಳುತ್ತಾರೆ. ದಕ್ಷಿಣದಲ್ಲಿ ಈ ವಾದ್ಯದ ಬಳಕೆಗೆ ಅದನ್ನು ಹಳೆಯ ಸಾಕ್ಷಿಯೆಂದು ಎಣಿಸುವುದು ವಾಡಿಕೆ. ಈ ಸಾಕ್ಷಿಯನ್ನು ಸ್ವಲ್ಪ ಎಚ್ಚರದಿಂದಲೇ ನೋಡಬೇಕು. ಆ ಗೋಡೆಗಳಿಗೆ ಒಮ್ಮೆ ಸುಣ್ಣ ಬಳಿಯಲಾಗಿತ್ತು. ಟಿಪ್ಪು ಮಡಿದ ಮೇಲೆ ಅಲ್ಲಿ ವಾಸವಿದ್ದ ಆರ್ಥರ್ ವೆಲ್ಲೆಸ್ಲಿ ಚಿತ್ರಗಳನ್ನು ಮತ್ತೆ ಬರೆಯಿಸಿದ, ಡಾಲ್‌ಹೌಸಿಯ ಆಜ್ಞೆಯಂತೆ 1855ರಲ್ಲಿ ಇನ್ನೊಮ್ಮೆ ಬಣ್ಣ ಏರಿತು. ಆದ್ದರಿಂದ ಚಿತ್ರದ ಹೆಣ್ಣು ಪಿಟೀಲು ಹಿಡಿದದ್ದು ಯಾವ ವರ್ಷದಲ್ಲಿ ಎಂದು ಆಣೆ ಇಟ್ಟು ಹೇಳುವಂತಿಲ್ಲ. ಕಂಪನಿಯ ದಂಡಿನೊಡನೆ, ಅದರ ಬ್ಯಾಂಡಿನೊಡನೆ ಈ ವಾದ್ಯ ದಕ್ಷಿಣದ ಕಿವಿಗೆ ಬಿದ್ದಿತ್ತು ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ. ಇಂಗ್ಲಿಷರ ‘ಫಿಡಲ್’ ನಮ್ಮ ಬಾಯಲ್ಲಿ ಪಿಟೀಲಾಯಿತು.

ಅದನ್ನು ಶಾಸ್ತ್ರೀಯ ಸಂಗೀತಕ್ಕೆ ತಂದ ಹೆಸರು ಬಾಲುಸ್ವಾಮಿ ದೀಕ್ಷಿತರದು. ಇವರು 1786ರಲ್ಲಿ ಹುಟ್ಟಿದವರು, ವಾಗ್ಗೇಯಕಾರ ಮುತ್ತುಸ್ವಾಮಿ ದೀಕ್ಷಿತರ ತಮ್ಮ. ಮದರಾಸಿನ ಬಳಿಯ ಮಣಲಿಯಲ್ಲಿ ಈ ಕುಟುಂಬಕ್ಕೆ ಆಶ್ರಯ ಕೊಟ್ಟ ಮುದಲಿಯಾರರಿಗೆ ಕಂಪನಿಯ ಅಧಿಕಾರಿಗಳೊಡನೆ ಒಳ್ಳೆಯ ಬಳಕೆ ಇತ್ತು. ಸೇಂಟ್ ಜಾರ್ಜ್ ಕೋಟೆಯ ಬ್ಯಾಂಡನ್ನು ಅಣ್ಣತಮ್ಮಂದಿರಿಬ್ಬರೂ ಕೇಳಿದರು. ಅಣ್ಣನಿಗೆ ಆ ಮಟ್ಟುಗಳು ಹಿಡಿಸಿ ಅವುಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿದರು. ಇಂದು ‘ನೊಟ್ಟುಸ್ವರ’ ಎಂದು ಮಕ್ಕಳಿಗೆ ಹೇಳಿಕೊಡುವುದು ಅದನ್ನೇ. ತಮ್ಮನಿಗೆ ಹಿಡಿಸಿದ್ದು ವಾದ್ಯ. ಮುದಲಿಯಾರರು ಒಬ್ಬ ಯುರೋಪಿಯನ್ನನನ್ನು ಗೊತ್ತುಮಾಡಿ ಮೂರು ವರ್ಷ ಪಾಠ ಹೇಳಿಸಿದರೆಂದು ಪರಂಪರೆ ಹೇಳುತ್ತದೆ. ಮನೆತನದ ಸಂಗೀತ ಮೈಗೂಡಿದ್ದ ಯುವಕ ಗುರುವಿನಿಂದ ಪಡೆದದ್ದು ಕೈಚಳಕವನ್ನು ಮಾತ್ರ. ಯಾವ ಸ್ವರ ಸರಿ, ಯಾವುದು ತಪ್ಪು ಎಂದು ಆ ಯುರೋಪಿಯನ್ ಹೇಳಿಕೊಡಬೇಕಾಗಿರಲಿಲ್ಲ. ಹೇಳಿದ್ದರೂ ಅದು ನಮ್ಮ ರಾಗಗಳಿಗೆ ಒದಗುತ್ತಿರಲಿಲ್ಲ.

ಇದೇ ಕಾಲದ ಇನ್ನೊಂದು ಹೆಸರು ವರಾಹಪ್ಪಯ್ಯರದು. ತಂಜಾವೂರಿನ ಮರಾಠಾ ಅರಸರಲ್ಲಿ ಮಂತ್ರಿಯಾಗಿದ್ದ ಇವರು ರಾಜಕಾರ್ಯಕ್ಕೆಂದು ಮದರಾಸಿಗೆ ಹೋದಾಗ ಗವರ್ನರನ ಬಳಿಯಿದ್ದ ವಾದ್ಯಗಳಿಗೆ ಮನಸೋತು ಪಿಟೀಲು ಕಲಿತರಂತೆ. ಕಥೆಯಲ್ಲಿ ಎಷ್ಟು ಬಣ್ಣ ಸೇರಿದೆಯೋ ಏನೋ, ಕಚೇರಿ ಕೆಲಸದ ನಡುವೆ ಪಿಟೀಲಿಗೆ ಕುಳಿತ ಮೊದಲ ಸರಕಾರಿ ನೌಕರನೆಂದು ಇವರನ್ನು ಕರೆಯಲು ಅಡ್ಡಿಯಿಲ್ಲ. ಮೂರನೆಯವರು ತಂಜಾವೂರು ಸಹೋದರರಲ್ಲಿ ಕಿರಿಯರಾದ ವಡಿವೇಲು. 1834ರಲ್ಲಿ ತಿರುವಾಂಕೂರಿನ ಸ್ವಾತಿ ತಿರುನಾಳ್ ಮಹಾರಾಜರು ಇವರಿಗೆ ದಂತದ ಪಿಟೀಲನ್ನು ಉಡುಗೊರೆ ಕೊಟ್ಟರು. ವಡಿವೇಲುವಿಗೆ ಪಾಠ ಹೇಳಿದವರು ಪಾದ್ರಿ ಶ್ವಾರ್ಟ್ಸ್ ಎಂದು ಅನೇಕ ಕಡೆ ಬರೆದಿರುವುದುಂಟು. ಶ್ವಾರ್ಟ್ಸ್ ತಂಜಾವೂರಿನಲ್ಲಿ ತೀರಿಕೊಂಡದ್ದು 1798ರಲ್ಲಿ, ವಡಿವೇಲು ಹುಟ್ಟಿದ್ದು 1810ರ ಸುಮಾರಿನಲ್ಲಿ. ಒಂದು ಪುಸ್ತಕದಿಂದ ಇನ್ನೊಂದಕ್ಕೆ ಇಳಿಯುತ್ತ ಬಂದ ಇಂಥ ಮಾತುಗಳನ್ನು ಯಾರೂ ಕೂಡಿಸಿ ಕಳೆದು ನೋಡುವುದಿಲ್ಲ.

ಇವರೂ ಇವರ ಶಿಷ್ಯಪರಂಪರೆಯೂ ಪಿಟೀಲಿಗೆ ಮಾಡಿದ್ದೇನು? ಪೆಟ್ಟಿಗೆಯ ಆಕಾರವನ್ನು ಹಾಗೆಯೇ ಬಿಟ್ಟರು. ಬದಲಾದದ್ದು ಹಿಡಿಯುವ ರೀತಿ ಮತ್ತು ಶ್ರುತಿ. ಯುರೋಪಿನವರು ನಿಂತು, ವಾದ್ಯವನ್ನು ಗಲ್ಲದ ಕೆಳಗೆ ಒತ್ತಿ ಹಿಡಿಯುತ್ತಾರೆ. ನಮ್ಮವರು ನೆಲದ ಮೇಲೆ ಕುಳಿತು, ಒಂದು ತುದಿಯನ್ನು ಎದೆಗೆ ಆನಿಸಿ, ಸುರುಳಿಯ ತುದಿಯನ್ನು ಬಲಗಾಲಿನ ಹರಡಿನ ಮೇಲೆ ಇಟ್ಟರು. ಎರಡು ಕಡೆ ಆಧಾರ ಸಿಕ್ಕಿದ್ದರಿಂದ ಎಡಗೈಗೆ ವಾದ್ಯದ ಭಾರ ಹೊರುವ ಕೆಲಸ ತಪ್ಪಿತು. ಅದು ತಂತಿಯ ಉದ್ದಕ್ಕೂ ಜಾರಿ, ಗಮಕ ಹಿಡಿಯಲು ಸ್ವತಂತ್ರವಾಯಿತು. ನಾಲ್ಕು ತಂತಿಗಳನ್ನು ಷಡ್ಜ, ಪಂಚಮ, ಮತ್ತೆ ಷಡ್ಜ, ಮತ್ತೆ ಪಂಚಮಕ್ಕೆ ಬಿಗಿದರು. ಹಾಡುಗಾರನ ಆಧಾರ ಶ್ರುತಿಯೇ ವಾದ್ಯದ ಮೈಯಾಯಿತು. ಚಿಕ್ಕಂದಿನಿಂದ ಯುರೋಪಿನ ಪಾಠ ಹೇಳಿಸಿಕೊಂಡ ಕೈ ಇಂಥ ಬದಲಾವಣೆಗೆ ಒಪ್ಪುತ್ತಿತ್ತೋ ಇಲ್ಲವೋ! ತನಗೆ ಬೇಕಾದದ್ದು ಏನೆಂದು ಮೊದಲೇ ಗೊತ್ತಿದ್ದವರು ಮಾತ್ರ ಬಂದ ವಸ್ತುವನ್ನು ತಮ್ಮ ಕಡೆಗೆ ಬಗ್ಗಿಸಿಕೊಳ್ಳಬಲ್ಲರು.

ಮೈಸೂರು ಆ ಕಾಲಕ್ಕೆ ವೀಣೆಯ ಊರು. ವೀಣೆ ಶೇಷಣ್ಣನವರಂಥವರು ಮೆರೆದ ಆಸ್ಥಾನ. ವೀಣೆಗೂ ಪಿಟೀಲಿಗೂ ಇರುವ ದೊಡ್ಡ ಭೇದ ಮೆಟ್ಟಿಲುಗಳದು. ವೀಣೆಯಲ್ಲಿ ಮೇಣದ ಮೇಲೆ ಕೂಡಿಸಿದ 24 ಮೆಟ್ಟಿಲುಗಳಿವೆ. ಸ್ವರದ ಜಾಗ ಕಣ್ಣಿಗೆ ಕಾಣುತ್ತದೆ. ಪಿಟೀಲಿನ ಮೇಲೆ ಏನೂ ಇಲ್ಲ. ನುಣುಪಾದ ಕರಿಮರದ ಪಟ್ಟಿ ಮಾತ್ರ. ಅದರ ತಂತಿ ನುಡಿಯುವ ಉದ್ದ ಸುಮಾರು 33 ಸೆಂಟಿಮೀಟರ್. ಸರಳೆ ವರಸೆಗೆ ಬಳಸುವ ಮಾಯಾಮಾಳವಗೌಳದಲ್ಲಿ, ಬಿಡಿ ತಂತಿ ಷಡ್ಜವಾದರೆ ಅಲ್ಲಿಂದ ಸುಮಾರು ಎರಡು ಸೆಂಟಿಮೀಟರಿಗೆ ರಿಷಭ, ಆಮೇಲೆ ನಾಲ್ಕೂವರೆ ಸೆಂಟಿಮೀಟರಿನ ದೊಡ್ಡ ಜಿಗಿತಕ್ಕೆ ಗಾಂಧಾರ, ಅದರ ಪಕ್ಕದಲ್ಲೇ ಮಧ್ಯಮ. ಬೆರಳು ಎರಡು ಮೂರು ಮಿಲಿಮೀಟರ್ ಆಚೀಚೆ ಆದರೂ ಕಿವಿಗೆ ಚುಚ್ಚುತ್ತದೆ.

ಮಾಯಾಮಾಳವಗೌಳವನ್ನು ಮೊದಲ ಪಾಠಕ್ಕೆ ಆರಿಸಿದ ಕೀರ್ತಿಯನ್ನು ಪರಂಪರೆ ಪುರಂದರದಾಸರಿಗೆ ಕೊಡುತ್ತದೆ. ದಾಸರ ಕಾಲದಲ್ಲಿ ಇಲ್ಲಿ ಪಿಟೀಲಿನ ಹೆಸರೂ ಇರಲಿಲ್ಲ. ಆದರೂ ಆ ರಾಗ ಈ ವಾದ್ಯಕ್ಕೆ ಅಳತೆ ತೆಗೆದು ಹೊಲಿದಂತಿದೆ. ಸ ರಿ ಗ ಮ ಎಂಬ ನಾಲ್ಕರ ನಡುವೆ ಇರುವ ಅಂತರಗಳೇ ಪ ದ ನಿ ಸ ಎಂಬ ನಾಲ್ಕರ ನಡುವೆಯೂ ಇವೆ. ಮೂರನೆಯ ತಂತಿಯಲ್ಲಿ ಬೆರಳಿಟ್ಟ ಜಾಗವನ್ನೇ ನಾಲ್ಕನೆಯ ತಂತಿಗೆ ದಾಟಿಸಿದರೆ ಇಡೀ ಆರೋಹಣ ಸಿದ್ಧ. ಹೀಗೇಕೆ ಎಂದು ಹೊಸ ವಿದ್ಯಾರ್ಥಿಗೆ ಒಂದು ಸಲ ವಿವರಿಸಿದರೆ ಸಾಕು, ಪಾಠದ ಅರ್ಧ ಭಯ ಹೋಗುತ್ತದೆ. ಮಗುವಿಗೆ ಈ ವಿವರಣೆ ಬೇಕಿಲ್ಲ. ಬೆಳೆದವರಿಗೆ ಬೇಕು.

ಬೆಳೆದವರ ಕಷ್ಟದ ಮೂಲವೂ ಅವರ ಆಸ್ತಿಯ ಮೂಲವೂ ಒಂದೇ: ಕಿವಿ. ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನಲ್ಲಿ ಆಕಾಶವಾಣಿ ಆರಂಭಿಸಿದ ಮೇಲೆ, ಸಂಗೀತ ಶಾಲೆಯ ಮುಖ ನೋಡದ ಹಳ್ಳಿಗಳಿಗೂ ಕಚೇರಿ ತಲುಪಿತು. ರಾಮನವಮಿಯ ಚಪ್ಪರ, ಹರಿಕಥೆ, ಸಿನಿಮಾ ಹಾಡು ಸೇರಿ ನಿಡಘಟ್ಟದಂಥ ಊರಿನ ಮನುಷ್ಯನ ಕಿವಿಗೂ ಮೂವತ್ತು ನಲವತ್ತು ವರ್ಷದ ಪಾಠ ಆಗಿಯೇ ಇರುತ್ತದೆ. ಮಗು ತನ್ನ ಅಪಸ್ವರವನ್ನು ಗಮನಿಸದೆ ಕುಯ್ಯುತ್ತ ಹೋಗುತ್ತದೆ. ಬೆಳೆದವನಿಗೆ ತಾನು ನುಡಿಸಿದ ರಿಷಭ ಸರಿಯಿಲ್ಲ ಎಂಬುದು ತಾನು ಅದನ್ನು ಸರಿಮಾಡಲು ಕಲಿಯುವ ಎಷ್ಟೋ ಮೊದಲು ತಿಳಿದುಬಿಡುತ್ತದೆ. ಬಹಳ ಜನ ಪೆಟ್ಟಿಗೆ ಮುಚ್ಚುವುದು ಈ ಹಂತದಲ್ಲಿಯೇ. ಬೆರಳು ಬಗ್ಗುವುದಿಲ್ಲ ಎಂದು ಅವರು ಹೇಳುವುದು ನೆಪ; ತಮ್ಮ ಸದ್ದನ್ನು ತಾವೇ ತಡೆದುಕೊಳ್ಳಲಾಗದೆ ಬಿಡುತ್ತಾರೆ.

ಬಿಡಾರಂ ಕೃಷ್ಣಪ್ಪನವರ ಇಬ್ಬರು ಶಿಷ್ಯರನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಮೊದಲಿಗರು ಪಿಟೀಲು ಚೌಡಯ್ಯ. ಮಳವಳ್ಳಿಯ ನೆರೆಯ ತಾಲ್ಲೂಕಾದ ತಿರುಮಕೂಡಲು ನರಸೀಪುರದ ಕಡೆಯವರು, 1895ರಲ್ಲಿ ಹುಟ್ಟಿದವರು. 1910ರಲ್ಲಿ ಕೃಷ್ಣಪ್ಪನವರ ಶಿಷ್ಯರಾಗಿ 1918ರವರೆಗೆ ಬೇರೆ ಯಾವ ಓದೂ ಇಲ್ಲದೆ ಸಂಗೀತವನ್ನೇ ಕಲಿತರು. ಕೃಷ್ಣಪ್ಪನವರು ಮುಖ್ಯವಾಗಿ ಹಾಡುಗಾರರು. ಹಾಡುವ ಕಂಠವನ್ನು ತಂತಿಯ ಮೇಲೆ ಹಿಂಬಾಲಿಸುವುದೇ ಅಲ್ಲಿಯ ಪಾಠ. ಮೈಕು ಇಲ್ಲದ ಕಾಲದಲ್ಲಿ ಹಿಂದಿನ ಸಾಲಿಗೆ ನಾದ ಮುಟ್ಟಲೆಂದು ಅವರು ನಾಲ್ಕು ತಂತಿಗೆ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡದ್ದು, 1957ರಲ್ಲಿ ಸಂಗೀತ ಕಲಾನಿಧಿ ಆದದ್ದು, 1980ರಲ್ಲಿ ಬೆಂಗಳೂರಿನಲ್ಲಿ ಅವರ ಹೆಸರಿನ ಪಿಟೀಲಿನಾಕಾರದ ಸಭಾಂಗಣ ಎದ್ದದ್ದು ಓದುಗರಿಗೆ ಗೊತ್ತಿರುವುದೇ. ಎರಡನೆಯವರು ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರು. 1912ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿಗೆ ತೆಲುಗು ಪಂಡಿತರಾಗಿ ಬಂದ ಇವರು, ಕೈಯಲ್ಲಿ ಕೆಲಸ ಇಟ್ಟುಕೊಂಡೇ ಕೃಷ್ಣಪ್ಪನವರ ಬಳಿ ಹಾಡುಗಾರಿಕೆ ಕಲಿತರು. ಮುಂದೆ ಅನ್ನಮಾಚಾರ್ಯರ ಕೀರ್ತನೆಗಳಿಗೆ ರಾಗ ಹೊಂದಿಸಿದ ಹಿರಿಯರು ಇವರೇ. 1974ರಲ್ಲಿ ಸಂಗೀತ ಕಲಾನಿಧಿಯೂ ಆದರು. ಗುರು ಒಬ್ಬರೇ, ಕಾಲವೂ ಒಂದೇ. ಚೌಡಯ್ಯನವರಿಗೆ ಎಂಟು ವರ್ಷದ ಇಡೀ ದಿನಗಳು ದೊರೆತವು, ಶರ್ಮರಿಗೆ ಕಾಲೇಜು ಮುಗಿದ ಮೇಲಿನ ಹೊತ್ತು. ವಯಸ್ಸು ಎಂದು ನಾವು ಹೆಸರಿಟ್ಟು ಕರೆಯುವ ಅಡ್ಡಿ ಬಹುಮಟ್ಟಿಗೆ ಈ ಹೊತ್ತಿನ ಲೆಕ್ಕವೇ.

ಪೂರ್ತಿ ಅಲ್ಲ, ನಿಜ. 1995ರಲ್ಲಿ ಜರ್ಮನಿಯ ವಿಜ್ಞಾನಿಗಳು ತಂತಿವಾದ್ಯ ನುಡಿಸುವವರ ಮಿದುಳನ್ನು ಅಳೆದು ಒಂದು ವರದಿ ಪ್ರಕಟಿಸಿದರು. ಎಡಗೈ ಬೆರಳುಗಳ ಸ್ಪರ್ಶವನ್ನು ಗ್ರಹಿಸುವ ಮಿದುಳಿನ ಭಾಗ ಅವರಲ್ಲಿ ಹಿಗ್ಗಿತ್ತು, ಎಳೆಯ ವಯಸ್ಸಿನಲ್ಲಿ ಶುರುಮಾಡಿದವರಲ್ಲಿ ಹೆಚ್ಚು, ತಡವಾಗಿ ಶುರುಮಾಡಿದವರಲ್ಲಿ ಕಡಿಮೆ. ಪಿಟೀಲಿಗೆ ವಯಸ್ಸಾಯಿತು ಎಂದು ವಾದಿಸುವವರಿಗೆ ಇದು ಒಳ್ಳೆಯ ಆಧಾರ. ಪರೀಕ್ಷೆಗೆ ಒಳಗಾದ ವಾದಕರು ಒಂಬತ್ತೇ ಜನ ಎಂಬುದನ್ನೂ, ಅಳೆದದ್ದು ಬೆರಳಿನ ಸ್ಪರ್ಶವನ್ನೇ ಹೊರತು ಸಂಗೀತವನ್ನಲ್ಲ ಎಂಬುದನ್ನೂ ಜೊತೆಗೆ ಹೇಳಬೇಕು. ಐವತ್ತರಲ್ಲಿ ಹಿಡಿದವರು ದೊಡ್ಡ ವಿದ್ವಾಂಸರ ಮನೋಧರ್ಮಕ್ಕೆ ಪಕ್ಕವಾದ್ಯ ನುಡಿಸುವುದು ಕಷ್ಟಸಾಧ್ಯ. ಒಂದು ದೇವರನಾಮವನ್ನು ಶ್ರುತಿಶುದ್ಧವಾಗಿ ನುಡಿಸುವುದಕ್ಕೆ ಅಂಥ ತಡೆಯೇನಿಲ್ಲ.

ಎಳೆಯ ಮಕ್ಕಳಿಗೆ ಪಿಟೀಲು ಕಲಿಸುವ ಪದ್ಧತಿಯಿಂದ ಲೋಕಪ್ರಸಿದ್ಧರಾದ ಜಪಾನಿನ ಶಿನಿಚಿ ಸುಝುಕಿ ಅವರ ಕಥೆಯಂತೂ ಇಲ್ಲಿ ತಮಾಷೆಯಾಗಿದೆ. ಅವರ ತಂದೆಯದು ನಗೋಯಾದಲ್ಲಿ ಪಿಟೀಲು ತಯಾರಿಸುವ ಕಾರ್ಖಾನೆ. ಸುತ್ತ ರಾಶಿರಾಶಿ ಪಿಟೀಲುಗಳಿದ್ದರೂ ಹುಡುಗನಿಗೆ ಅದು ಆಟದ ಸಾಮಾನು. ಹದಿನೇಳನೆಯ ವಯಸ್ಸಿನಲ್ಲಿ ಮಿಶಾ ಎಲ್ಮನ್ ನುಡಿಸಿದ ಗ್ರಾಮಾಫೋನ್ ತಟ್ಟೆಯೊಂದನ್ನು ಕೇಳಿ ಬೆರಗಾಗಿ, ಕಾರ್ಖಾನೆಯಿಂದ ಒಂದು ಪಿಟೀಲು ತಂದು, ತಟ್ಟೆಯನ್ನು ಮತ್ತೆ ಮತ್ತೆ ಹಾಕಿ ಕೇಳುತ್ತ ತಾವೇ ಅಭ್ಯಾಸ ಮಾಡಿದರು. 1920ರ ದಶಕದಲ್ಲಿ ಜರ್ಮನಿಗೆ ಹೋದದ್ದು ಆಮೇಲೆ. ಮೊದಲು ಕೇಳಬೇಕು, ಬಹಳ ಕೇಳಬೇಕು, ಅನಂತರ ಕೈ ಎಂಬ ಅವರ ಪದ್ಧತಿಯ ತಿರುಳು ತಡವಾಗಿ ಕಲಿತವನ ಈ ಅನುಭವದಲ್ಲಿಯೇ ಇದೆ. ಮಣಲಿಯ ದೀಕ್ಷಿತರಿಗೂ ನಗೋಯಾದ ಹುಡುಗನಿಗೂ ಕಿವಿ ಮುಂದೆ ಹೋಗಿ ಕೈ ಹಿಂದೆ ಬಂದದ್ದು ಒಂದೇ ಬಗೆಯಲ್ಲಿ.

ಸುಝುಕಿ ಪದ್ಧತಿಯ ಮಕ್ಕಳಿಗೆ ಅಂಗೈಯಗಲದ ಪುಟ್ಟ ಪಿಟೀಲಿನಿಂದ ಶುರು. ಕೈ ಬೆಳೆದಂತೆಲ್ಲ ವಾದ್ಯ ಬದಲಾಗುತ್ತದೆ, ಪ್ರತಿ ಬದಲಾವಣೆಗೂ ಸ್ವರದ ಜಾಗಗಳನ್ನು ಬೆರಳು ಹೊಸದಾಗಿ ಹುಡುಕಿಕೊಳ್ಳಬೇಕು. ಬೆಳೆದವರು ಮೊದಲ ದಿನ ಕೊಂಡ ಪಿಟೀಲಿನಲ್ಲಿ ರಿಷಭ ಎಲ್ಲಿ ಸಿಕ್ಕಿತೋ, ಕೊನೆಯವರೆಗೂ ಅಲ್ಲಿಯೇ ಇರುತ್ತದೆ.