ಯಂತ್ರದ ಓದು ಮತ್ತು ಸಾಕ್ಷ್ಯದ ಪ್ರಶ್ನೆ

ಗಣಕಯಂತ್ರಕ್ಕೆ ಲೋಕಜ್ಞಾನವನ್ನು ಕಲಿಸುವ ಪ್ರಯತ್ನಗಳ ಇತಿಹಾಸದಲ್ಲಿ ಎರಡು ಮಾರ್ಗಗಳು ಎದ್ದು ಕಾಣುತ್ತವೆ. ಮೊದಲನೆಯದು ಮನುಷ್ಯರೇ ಬರೆದು ಒಪ್ಪಿಸುವುದು. ೧೯೮೪ರಲ್ಲಿ ಅಮೆರಿಕದ ಡಗ್ಲಸ್ ಲೆನಟ್ ಆರಂಭಿಸಿದ ‘ಸೈಕ್’ ಯೋಜನೆ ಈ ಬಗೆಯದು. ಅದು ದಶಕಗಳ ದುಡಿಮೆಯನ್ನು ಬೇಡಿತು. ಎರಡನೆಯದು, ಯಂತ್ರವೇ ಓದಿ ತಿಳಿಯುವಂತೆ ಮಾಡುವುದು. ೧೯೯೮ರಲ್ಲಿ ಸರ್ಗೆ ಬ್ರಿನ್ ಕೇವಲ ಐದು ಗ್ರಂಥಗಳ ಹೆಸರನ್ನೂ ಕರ್ತೃಗಳನ್ನೂ ಯಂತ್ರಕ್ಕೆ ಕೊಟ್ಟರು. ಈ ಜೋಡಿಗಳು ಜಾಲಪುಟಗಳಲ್ಲಿ ಯಾವ ವಾಕ್ಯರೀತಿಯಲ್ಲಿ ಬರುತ್ತವೆಂಬುದನ್ನು ಅದು ಗುರುತಿಸಿತು. ಆ ರೀತಿಗಳಿಂದ ಹೊಸ ಜೋಡಿಗಳನ್ನು ಹುಡುಕಿತು. ಐದು, ಹದಿನೈದು ಸಾವಿರಕ್ಕೂ ಮೀರಿತು.

ಈ ಮಾರ್ಗದ ದೀರ್ಘ ಪ್ರಯೋಗವು ೨೦೧೦ರ ಜನವರಿಯಲ್ಲಿ ಪಿಟ್ಸ್‌ಬರ್ಗಿನ ಕಾರ್ನೆಗೀ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಟಾಮ್ ಮಿಚೆಲ್ ಅವರ ನೇತೃತ್ವದಲ್ಲಿ ಮೊದಲಾಯಿತು. ‘ನೆಲ್’ ಎಂಬ ಆ ವ್ಯವಸ್ಥೆಯು ಹಗಲಿರುಳು ಓದುತ್ತಿತ್ತು. ನಗರ, ನದಿ, ಕ್ರೀಡಾಪಟು ಮೊದಲಾದ ಪ್ರತಿ ವರ್ಗಕ್ಕೂ ಕೆಲವೇ ಉದಾಹರಣೆಗಳನ್ನು ಬೀಜವಾಗಿ ಕೊಡಲಾಗಿತ್ತು. ಓದಲು ಸುಮಾರು ಐವತ್ತು ಕೋಟಿ ಪುಟಗಳ ಸಂಗ್ರಹವಿತ್ತು. ೬೭ ದಿನಗಳ ಕೊನೆಗೆ ಅದರ ಬಳಿ ೨,೪೨,೪೫೩ ‘ನಂಬಿಕೆ’ಗಳು ಶೇಖರವಾಗಿದ್ದವು, ಅವುಗಳಲ್ಲಿ ಸರಿಯಾದವು ನೂರಕ್ಕೆ ೭೪ ಎಂದು ಸಂಶೋಧಕರೇ ಅಂದಾಜು ಮಾಡಿದರು. ಸಂಗ್ರಹವನ್ನು ಜ್ಞಾನವೆನ್ನದೆ ನಂಬಿಕೆಯೆಂದು ಕರೆದ ಅವರ ಎಚ್ಚರವು ಮೆಚ್ಚತಕ್ಕದ್ದು.

ಉಳಿದ ಇಪ್ಪತ್ತಾರರ ಕಥೆಯೇ ನಮಗೆ ಮುಖ್ಯ. ಇಂಗ್ಲಿಷಿನಲ್ಲಿ ‘ಕುಕಿ’ ಎಂದರೆ ಬಿಸ್ಕತ್ತಿನಂಥ ತಿನಿಸು; ಜಾಲತಾಣಗಳು ನಮ್ಮ ಯಂತ್ರದಲ್ಲಿ ಬಿಟ್ಟುಹೋಗುವ ಪುಟ್ಟ ಕಡತಕ್ಕೂ ಅದೇ ಹೆಸರು. ‘ನೆಲ್’ ಈ ಎರಡನೆಯದನ್ನೂ ಬೇಯಿಸಿದ ತಿಂಡಿಗಳ ಪಟ್ಟಿಗೆ ಸೇರಿಸಿತು. ಕುಕಿಗಳನ್ನು ಅಳಿಸಿದೆನೆಂಬ ವಾಕ್ಯವನ್ನು ಓದಿದ್ದುದರಿಂದ, ಕಡತಗಳನ್ನು ಅಳಿಸಿದೆನೆಂಬ ವಾಕ್ಯ ಎದುರಾದಾಗ ಕಡತವೂ ತಿಂಡಿಯೇ ಆಯಿತು! ಒಂದು ತಪ್ಪು ಮುಂದಿನ ತಪ್ಪಿಗೆ ಪ್ರಮಾಣವಾಗಿ ನಿಂತದ್ದನ್ನು ಓದುಗರು ಗಮನಿಸಬೇಕು.

ಇದಕ್ಕೆ ತಡೆಯನ್ನು ನಿರ್ಮಾಪಕರು ಮೊದಲೇ ಯೋಚಿಸಿರಲಿಲ್ಲವೆಂದಲ್ಲ. ಒಂದೇ ಪದ ನಗರವೂ ವ್ಯಕ್ತಿಯೂ ಆಗಕೂಡದೆಂಬಂಥ ನಿರ್ಬಂಧಗಳಿದ್ದವು. ವಾಕ್ಯರೀತಿ, ಪುಟದ ಪಟ್ಟಿಗಳು, ಪದದ ಆಕಾರ ಇವನ್ನು ಬೇರೆಬೇರೆ ವಿಧಾನಗಳು ಪರೀಕ್ಷಿಸುತ್ತಿದ್ದವು; ಹಲವು ವಿಧಾನಗಳು ಒಪ್ಪಿದ ಸಂಗತಿಗೆ ಹೆಚ್ಚು ಬೆಲೆ. ಆದರೆ ಇಲ್ಲಿ ನಮಗೊಂದು ಸಂದೇಹ ಉಂಟಾಗುತ್ತದೆ. ಶಾಸನಗಳೊಡನೆ ಒಡನಾಡಿದವರಿಗೆ ಇದು ಹಳೆಯ ಸಂದೇಹವೇ. ಗಂಗರ ತಾಮ್ರಪಟಗಳ ವಂಶಾವಳಿಗಳು ಒಂದನ್ನೊಂದು ಸಮರ್ಥಿಸಿದರೂ ಫ್ಲೀಟರು ಅವುಗಳಲ್ಲಿ ಹಲವನ್ನು ಕೃತಕವೆಂದರು, ರೈಸರು ಒಪ್ಪಲಿಲ್ಲ. ಆ ವಾದದಲ್ಲಿ ಯಾರ ಪಕ್ಷ ಸರಿಯೆಂಬುದು ಹಾಗಿರಲಿ, ಒಂದೇ ಮೂಲದಿಂದ ಇಳಿದ ಹತ್ತು ಪ್ರತಿಗಳು ಹತ್ತು ಸಾಕ್ಷಿಗಳಾಗಲಾರವು. ಜಾಲಪುಟಗಳಲ್ಲಂತೂ ಪ್ರತಿಮಾಡುವುದು ಕ್ಷಣದ ಕೆಲಸ. ಪರೀಕ್ಷಕರು ಮೂವರಾದರೂ ಓದುವ ಪುಟಗಳು ಅವೇ. ಈ ಪುಟವನ್ನು ಬರೆದವರಾರು, ಎಲ್ಲಿಂದ ತೆಗೆದರು ಎಂಬ ಪ್ರಶ್ನೆಯು ಆವೃತ್ತಿಗಳ ಎಣಿಕೆಯಿಂದ ಬಗೆಹರಿಯತಕ್ಕದ್ದಲ್ಲ.

ಮೊದಲ ಆರು ತಿಂಗಳು ತನ್ನಷ್ಟಕ್ಕೆ ಓದಲು ಬಿಟ್ಟಿದ್ದ ಯಂತ್ರವನ್ನು ಮಿಚೆಲ್ ಮತ್ತು ಸಂಗಡಿಗರು ಆಮೇಲೆ ತಾವೇ ಪರಿಶೀಲಿಸತೊಡಗಿದರು. ಹೆಚ್ಚಿನ ವರ್ಗಗಳು ಚೆನ್ನಾಗಿದ್ದವು. ಕೆಲವು ತೀರ ಕೆಟ್ಟಿದ್ದವು. ಆ ಪಟ್ಟಿಗಳಲ್ಲಿ ಎದ್ದುಕಾಣುವ ತಪ್ಪುಗಳನ್ನು ಅವರು ಕೈಯಿಂದಲೇ ಹೊಡೆದುಹಾಕಿ, ಯಂತ್ರವನ್ನು ಮತ್ತೆ ಓದಲು ಕೂರಿಸಿದರು.